ಮನಸ್ಸಿನ ಮಾತಿಗೂ ದುಭಾಷಿ ಬೇಕಾ?

ಲೆಕ್ಕದ ಕ್ಲಾಸಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಕಾಸರಗೋಡಿನ ನಾವು ಸುಮ್ಮನೆ ಕೂತವರಲ್ಲ. ಶಾಲೆ ಗೇಟಿನೆದುರು ಧರಣಿ ಮಾಡಿದ್ದೇವೆ, ಕೋರ್ಟಿಗೂ ಹೋಗಿದ್ದೇವೆ. ಅದೇ ಶಾಲೆಯ ಕೌನ್ಸೆಲರಿಗೆ ಕನ್ನಡ ಬರ್ತದಾ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಶಾಲೆಯಲ್ಲಿ ಕೌನ್ಸೆಲರ್ ಇರುವುದು ಒಳ್ಳೆಯದೇ. ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು, ಕಷ್ಟದಲ್ಲಿರುವವರನ್ನು ಬೇಗ ಗುರುತಿಸಿ, ಬೇಕಾದರೆ ಡಾಕ್ಟರ ಹತ್ತಿರ ಕಳಿಸುವುದೂ ಒಳ್ಳೆಯದೇ. ಆದರೆ ಕನ್ನಡ ಮಾಧ್ಯಮದ ಮಗುವಿನ ಕೈಗೆ ಮಲಯಾಳ ಫಾರಂ ಕೊಟ್ಟರೆ ಗುರುತಿಸುವುದು ಏನನ್ನು?

ಮಲಯಾಳದಲ್ಲಿ ‘ಸಂಕಡಂ’ ಅಂದರೆ ದುಃಖ. ನಮ್ಮ ಮಗು ‘ಸಂಕಟ ಆಗ್ತದೆ’ ಅಂದರೆ ಹೊಟ್ಟೆ ಹಿಡಿದುಕೊಂಡಿರ್ತದೆ. ‘ವಿಷಮಂ’ ಅಂದರೆ ಅವರಿಗೆ ಬೇಸರ, ನಮಗೆ ವಿಷಮ ಅಂದರೆ ಪರಿಸ್ಥಿತಿ ಕೈಮೀರಿದ್ದು. ನಮ್ಮ ಮಕ್ಕಳ ಬಾಯಲ್ಲಿ ಬರುವುದು ತಲೆಬಿಸಿ, ಮಂಡೆಬೆಚ್ಚ, ಉದಾಸೀನ. (ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎರಡೂ ಕಲಸಿಕೊಂಡೇ ಬರ್ತದೆ.) ವಾರಗಟ್ಟಲೆ ‘ಉದಾಸೀನ’ ಅನ್ನುವ ಹುಡುಗನಿಗೆ ಮನೆಯಲ್ಲಿ ಸೋಮಾರಿ ಅಂತ ಬೈಗುಳ ಸಿಗ್ತದೆ. ಆ ಮಾತು ಗೊತ್ತಿರುವ ಕೌನ್ಸೆಲರ್ ಆದರೆ ಅಲ್ಲೇ ನಿಂತು ಕೇಳ್ತಾರೆ: ನಿದ್ರೆ ಬರ್ತದಾ ಮಗಾ? ಊಟ ಸೇರ್ತದಾ? ಆಟಕ್ಕೆ ಹೋಗುವ ಮನಸ್ಸು ಉಂಟಾ?

ಭಾಷೆ ಗೊತ್ತಿಲ್ಲದಿದ್ದರೆ ಏನಾಗ್ತದೆ? ಪಕ್ಕದ ಬೆಂಚಿನ ಹುಡುಗಿಯನ್ನು ಕರೀತಾರೆ, ‘ಅವಳು ಏನು ಹೇಳ್ತಿದ್ದಾಳೆ, ಹೇಳು’ ಅಂತ. ಮಧ್ಯಾಹ್ನದ ಊಟದೊಳಗೆ ಇಡೀ ಕ್ಲಾಸಿಗೆ ಸುದ್ದಿ. ಆಮೇಲೆ ಆ ಮಗು ಇನ್ನೊಮ್ಮೆ ಬಾಯಿ ಬಿಡ್ತದಾ?

ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯ ಸೌಲಭ್ಯ ಕೊಡಬೇಕು ಅನ್ನುತ್ತದೆ. ಪಾಠ ಮಾತೃಭಾಷೆಯಲ್ಲಿ, ಅಳು ಮಾತ್ರ ರಾಜ್ಯಭಾಷೆಯಲ್ಲಾ?

ಇದು ಕೌನ್ಸೆಲರುಗಳ ಮೇಲಿನ ಸಿಟ್ಟಲ್ಲ. ಅವರನ್ನು ಭಾಷೆ ನೋಡದೆ ಇಲ್ಲಿಗೆ ಹಾಕಿದವರ ಮೇಲಿನ ಸಿಟ್ಟು. ಸ್ವಲ್ಪ ನಮ್ಮ ಮೇಲೂ. ಮಾನಸಿಕ ಆರೋಗ್ಯ ಅಂದ ಕೂಡಲೇ ‘ನಮ್ಮ ಮಕ್ಕಳಿಗೆ ಹುಚ್ಚಾ?’ ಅಂತ ಬಾಗಿಲು ಹಾಕುವವರು ನಾವೇ.

ಕನ್ನಡದಲ್ಲಿ ಸಾಮಗ್ರಿ ಇಲ್ಲ ಅನ್ನುವ ನೆಪವೂ ನಡೆಯುವುದಿಲ್ಲ. ಮಕ್ಕಳಿಗೆಂದೇ ಇರುವ 25 ಹೇಳಿಕೆಗಳ ಎಸ್‌ಡಿಕ್ಯು ಪ್ರಶ್ನಾವಳಿ ಕನ್ನಡದಲ್ಲಿ ಸಿಗ್ತದೆ. ಪ್ರಿಂಟ್ ತೆಗೆದರಾಯ್ತು. ಕನ್ನಡ ಬಲ್ಲ ಎಂಎಸ್‌ಡಬ್ಲ್ಯು, ಸೈಕಾಲಜಿ ಓದಿದವರು ನಮ್ಮ ನಡುವೆಯೇ ಇದ್ದಾರೆ. ಕನ್ನಡ ಮಾಧ್ಯಮ ಶಾಲೆಯ ಕೌನ್ಸೆಲರ್ ಹುದ್ದೆಗೆ ಕನ್ನಡ ಕಡ್ಡಾಯ ಅಂತ ಒಂದು ಆದೇಶ ಸಾಕು.

ಮುಂದಿನ ಪಿಟಿಎ ಮೀಟಿಂಗಿನಲ್ಲಿ ಇದನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ತಾಳವಾಡಿ, ಜತ್ತ, ಅಕ್ಕಲಕೋಟೆಯ ಗೆಳೆಯರೇ, ನಿಮ್ಮ ಶಾಲೆಯಲ್ಲಿ ಹೇಗೆ? ಬರೆಯಿರಿ. ಇವತ್ತೇ ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಉಂಟು, ಕನ್ನಡದಲ್ಲೇ ಬೇಕು ಅಂತ ಕೇಳಿ.