ಒಂದು ಗೆರೆ ನೋಡಿ ತೀರ್ಪು ಕೊಡಬ್ಯಾಡ್ರಿ

ನಲವತ್ತು ವರ್ಷದಿಂದ ಸೀಮಂತದ ಮನೇಲಿ ಸೋಬಾನೆ ಹೇಳಿಕೊಂಡು ಬಂದವಳು ನಾನು. ಬಸಿರಿನ ಮಾತು ನನಗೆ ನಾಚಿಕೆಯ ಮಾತಲ್ಲ. ಗಂಡಸರೂ ಓದಲಿ ಅಂತಲೇ ಇದನ್ನ ಬರೀತಿದ್ದೀನಿ.

ಈಗ ನಮ್ಮ ರಾಯದುರ್ಗ ಸೀಮೇಲಿ ಮೂತ್ರ ಪರೀಕ್ಷೆಯ ಕಿಟ್ಟು ಮೆಡಿಕಲ್ ಶಾಪಿನಲ್ಲೂ ಸಿಗ್ತದೆ, ಆಶಾ ಕಾರ್ಯಕರ್ತೆ ಹತ್ರಾನೂ ಸಿಗ್ತದೆ. ಒಳ್ಳೇದೇ ಆಯ್ತು. ನನ್ನ ಜಗಳ ಇರೋದು ಅದನ್ನ ಕೈಲಿ ಹಿಡಿದು ಪಂಚಾಯ್ತಿ ಮಾಡುವ ಅತ್ತೆಯರ ಮೇಲೆ, ಗಂಡಂದಿರ ಮೇಲೆ.

ಮೊದಲು ನನ್ನ ತಪ್ಪೇ ಹೇಳ್ತೀನಿ. ಸೊಸೆಯ ಮುಟ್ಟಿನ ದಿನ ಇನ್ನೂ ಬಂದಿರಲಿಲ್ಲ. ಅವಳು ಸಾಯಂಕಾಲ ಹೊಲದಿಂದ ಬಂದು ಒಂದು ಚೊಂಬು ನೀರು ಕುಡಿದಿದ್ದಳು. ಆಗಲೇ ಪರೀಕ್ಷೆ ಮಾಡಿಸಿದೆ. ಒಂದೇ ಗೆರೆ. "ಈ ಸಲಾನೂ ಇಲ್ಲ" ಅಂತ ಓಣಿಗೆಲ್ಲ ಕೇಳೋ ಹಂಗೆ ಅಂದೆ. ಆ ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹತ್ತು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಎರಡು ಗೆರೆ! ಶೇಂಗಾ ಬಿತ್ತಿದ ಮೂರನೇ ದಿನಕ್ಕೆ ಮಣ್ಣು ಕೆದಕಿ ಬೀಜ ಸತ್ತೈತೆ ಅನ್ನೋ ರೈತನಿಗೂ ನನಗೂ ಏನು ವ್ಯತ್ಯಾಸ?

ಡಬ್ಬಿ ಮೇಲೆ ನೂರಕ್ಕೆ 99 ಸರಿ ಅಂತ ಬರೆದಿರ್ತಾರೆ. ಅದು ಮುಟ್ಟು ತಪ್ಪಿದ ಮೇಲೆ, ಹೇಳಿದ ಹಂಗೆ ಮಾಡಿದವರ ಲೆಕ್ಕ. ಕಿಟ್ಟು ಹುಡುಕೋದು ಎಚ್‌ಸಿಜಿ ಅನ್ನೋ ಹಾರ್ಮೋನು. ಬಸಿರು ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಅದು ಮೂತ್ರಕ್ಕೆ ಬರ್ತದೆ. ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿ ಆಗ್ತದೆ. ಬೇಗ ನೋಡಿದರೆ ಕಾಣೋಷ್ಟು ಇರಲ್ಲ. ಬಾಳ ನೀರು ಕುಡಿದರೆ ಮೂತ್ರ ತೆಳ್ಳಗಾಗಿ ತಪ್ಪಿಹೋಗ್ತದೆ. ಅದಕ್ಕೇ ಬೆಳಗಿನ ಮೊದಲ ಮೂತ್ರ ಬೇಕು. ಚೀಟಿಯಲ್ಲಿ ಹೇಳಿದ ನಿಮಿಷದೊಳಗೇ ನೋಡಬೇಕು. ಬಾಳ ಹೊತ್ತು ಬಿಟ್ಟರೆ ಒಣಗಿದ ಕಲೆಯೂ ಗೆರೆಯಂಗೆ ಕಾಣ್ತದೆ. 'ಸಿ' ಹತ್ತಿರದ ಗೆರೆ ಬರದಿದ್ದರೆ ಆ ಪರೀಕ್ಷೆಯೇ ಕೆಟ್ಟಿತು ಅಂತ ಲೆಕ್ಕ. ಗರ್ಭ ಇಳಿದು ಹೋದ ಮೇಲೂ ಕೆಲವು ವಾರ ಎರಡು ಗೆರೆ ಬರಬಹುದು.

ರಕ್ತ ಪರೀಕ್ಷೆ ಇನ್ನೂ ಸ್ವಲ್ಪ ಮುಂಚೆ ಹಿಡೀತದೆ, ಹಾರ್ಮೋನು ಎಷ್ಟೈತೆ ಅಂತ ಅಂಕಿಯನ್ನೂ ಕೊಡ್ತದೆ. ಅದರಲ್ಲೂ ಒಂದೇ ಅಂಕಿ ನಂಬಿ ಕುಣೀಬ್ಯಾಡ್ರಿ. ಅನುಮಾನ ಇದ್ದರೆ ಡಾಕ್ಟರು ಎರಡು ದಿನ ಬಿಟ್ಟು ಮತ್ತೆ ಮಾಡಿಸ್ತಾರೆ, ಏರಿತೋ ಇಳೀತೋ ನೋಡೋದಕ್ಕೆ.

ಎರಡು ಗೆರೆ ಬಂದರೂ ಮುಗೀಲಿಲ್ಲ. ಹಾರ್ಮೋನು ಐತೆ ಅಂತಷ್ಟೇ ಕಿಟ್ಟು ಹೇಳ್ತದೆ. ಬಸಿರು ಎಲ್ಲಿ ನಿಂತೈತೆ ಅಂತ ಹೇಳಲ್ಲ. ನಮ್ಮ ನೆಂಟರ ಹುಡುಗಿಗೆ ಎರಡು ಗೆರೆ ಬಂತು, ಸಕ್ಕರೆ ಹಂಚಿದರು. ವಾರ ಕಳೆದ ಮೇಲೆ ಹೊಟ್ಟೆಯ ಒಂದು ಪಕ್ಕ ನೋವು, ತಲೆ ಸುತ್ತು. "ಬಸುರೀಲಿ ಇದೆಲ್ಲ ಇದ್ದದ್ದೇ" ಅಂತ ಕಷಾಯ ಕುಡಿಸಿದರು. ಬಸಿರು ಗರ್ಭನಾಳದಲ್ಲಿ ಬೆಳೆದು ನಾಳ ಒಡೆದಿತ್ತು. ರಾತ್ರೋರಾತ್ರಿ ಬಳ್ಳಾರಿಗೆ ಒಯ್ದು ಆಪರೇಷನ್ ಮಾಡಿಸಿದ್ದಕ್ಕೆ ಜೀವ ಉಳೀತು. ನೋವು, ರಕ್ತ ಹೋಗೋದು, ತಲೆ ಸುತ್ತು ಕಂಡರೆ ಗೆರೆ ಎಣಿಸ್ತಾ ಕೂರಬ್ಯಾಡ್ರಿ. ಆಗಿಂದಾಗಲೇ ಆಸ್ಪತ್ರೆಗೆ ಹೊರಡ್ರಿ.

ಮೇಷ್ಟ್ರೇ, ನಿಮಗೊಂದು ಕೆಲಸ. ನಾನು ನೋಡಿದ ಕಿಟ್ಟಿನ ಚೀಟಿ ಇಂಗ್ಲಿಷಿನಲ್ಲಿತ್ತು. ನಾವು ಮನೇಲಿ ಕನ್ನಡ, ಕಚೇರೀಲಿ ತೆಲುಗು ಆಡೋ ಜನ. ದಿನ, ಹೊತ್ತು, ನಿಮಿಷ ಇಷ್ಟನ್ನ ಎರಡೂ ಭಾಷೇಲಿ ದಪ್ಪಕ್ಷರದಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸ್ರಿ.

ಅತ್ತೆಯರೇ, ಒಂದೇ ಗೆರೆ ಬಂದರೆ ಒಂದು ವಾರ ಬಾಯಿ ಮುಚ್ಚಿಕೊಂಡಿರ್ರಿ. ಮುಟ್ಟು ಇನ್ನೂ ಬರದಿದ್ದರೆ ಮತ್ತೆ ನೋಡಿಸ್ರಿ.