ಮೋಡ ಬಿತ್ತಿದ ಸುದ್ದಿ, ಬತ್ತಿದ ಕೆರೆ

2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರು ವಾಯುನೆಲೆಯಿಂದ ಮೋಡಗಳನ್ನು ಅರಸಿ ವಿಮಾನ ಹಾರಿತು. ರಾಜ್ಯ ಸರ್ಕಾರದ ಮೋಡ ಬಿತ್ತನೆ ಯೋಜನೆ ಅದು, ಹೆಸರು ‘ವರ್ಷಧಾರಿ’. ಸತತ ಬರಗಾಲದಿಂದ ಕಂಗೆಟ್ಟಿದ್ದ ಜನರಲ್ಲಿ ಅದು ಆಸೆ ಹುಟ್ಟಿಸಿದ್ದು ಸಹಜ. ಆ ಸೆಪ್ಟೆಂಬರ್ ತಿಂಗಳೊಂದರಲ್ಲೇ ಬೆಂಗಳೂರು ನಗರದಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ವರ್ಷದ ಒಟ್ಟು ಮಳೆ 2005ರ ದಾಖಲೆಯನ್ನು ಮುರಿಯಿತು. ಬಿತ್ತನೆಯಿಂದಾಗಿ ಮಳೆ ಸುಮಾರು ಶೇ 28ರಷ್ಟು ಹೆಚ್ಚಿತೆಂಬ ಲೆಕ್ಕವೂ ಮುಂದೆ ಸರ್ಕಾರದ ಕಡೆಯಿಂದ ಹೊರಬಿತ್ತು. ವಿಮಾನ ಹಾರಿತು, ಮಳೆ ಬಂತು. ಸುದ್ದಿ ಓದಿದವರು ಎರಡನ್ನೂ ತಾವೇ ಗಂಟುಹಾಕಿಕೊಂಡರು.

ಈ ಉತ್ಸಾಹದ ನಡುವೆ ಒಂದು ಸಂಗತಿ ಮರೆಗೆ ಸರಿಯಿತು. ವಿಮಾನ ಮೇಲೇರುವುದಕ್ಕೆ ಆರು ದಿನ ಮೊದಲೇ, ಆಗಸ್ಟ್ 15ರ ಬೆಳಗಿನ ಜಾವ, ಬೆಂಗಳೂರಿನಲ್ಲಿ ಭಾರಿ ಮಳೆಯಾಗಿ ಬಡಾವಣೆಗಳು ಜಲಾವೃತವಾಗಿದ್ದವು. ಆ ಮಳೆಯನ್ನು ಯಾರೂ ಬಿತ್ತಿರಲಿಲ್ಲ. ಹಾಗಿದ್ದ ಮೇಲೆ ಸೆಪ್ಟೆಂಬರಿನ ಮಳೆಯಲ್ಲಿ ಮುಗಿಲಿನ ಪಾಲೆಷ್ಟು, ವಿಮಾನದ ಪಾಲೆಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ. ಆದರೆ ಉತ್ತರ ಹುಡುಕುವ ವಿಧಾನವನ್ನು ತಿಳಿದುಕೊಳ್ಳುವುದು ಕಷ್ಟವೇನಲ್ಲ, ಪ್ರೌಢಶಾಲೆಯ ವಿದ್ಯಾರ್ಥಿಗೂ ಅದು ಎಟುಕುವಂಥದು.

ಮೋಡ ಬಿತ್ತನೆ ಹೊಸ ವಿದ್ಯೆಯಲ್ಲ. 1946ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿನ್ಸೆಂಟ್ ಶೇಫರ್ ಒಣ ಮಂಜುಗಡ್ಡೆಯ ಪುಡಿಯನ್ನು ಮೋಡದ ಮೇಲೆ ಎರಚಿ, ಮೋಡದ ಹನಿಗಳು ಹಿಮಕಣಗಳಾಗುವುದನ್ನು ತೋರಿಸಿದ. ಅವನ ಸಹೋದ್ಯೋಗಿ ಬರ್ನಾರ್ಡ್ ವೊನೆಗಟ್, ಸಿಲ್ವರ್ ಅಯೊಡೈಡ್ ಕಣಗಳೂ ಇದೇ ಕೆಲಸ ಮಾಡುತ್ತವೆಂದು ಕಂಡುಹಿಡಿದ. ಎತ್ತರದ ತಣ್ಣನೆಯ ಮೋಡಗಳಿಗೆ ಅಯೊಡೈಡ್, ತಗ್ಗಿನ ಬೆಚ್ಚನೆಯ ಮೋಡಗಳಿಗೆ ಉಪ್ಪಿನ ಸೂಕ್ಷ್ಮ ಕಣಗಳು. ಎರಡರಲ್ಲೂ ತತ್ತ್ವ ಒಂದೇ: ಗಾಳಿಯಲ್ಲಿ ತೇಲುತ್ತಿರುವ ಅತಿ ಸಣ್ಣ ಹನಿಗಳು ಕಣದ ಸುತ್ತ ಕೂಡಿಕೊಂಡು, ಭಾರವಾಗಿ, ನೆಲಕ್ಕೆ ಬೀಳಬೇಕು. ಮೋಡವೇ ಇಲ್ಲದ ಆಕಾಶದಲ್ಲಿ ಈ ವಿದ್ಯೆ ನಡೆಯದು. ಮೋಡವಿದ್ದರೂ ಅದರಲ್ಲಿ ಸಾಕಷ್ಟು ತೇವಾಂಶವಿರಬೇಕು, ಅದು ಬೆಳೆಯುವ ಹಂತದಲ್ಲಿರಬೇಕು. ಅಂದರೆ ಬರಗಾಲದ ನಡುವಿನಲ್ಲಿ, ಅಗತ್ಯ ಅತಿ ಹೆಚ್ಚಿರುವಾಗಲೇ, ಈ ತಂತ್ರಕ್ಕೆ ಅವಕಾಶ ಅತಿ ಕಡಿಮೆ. ಇನ್ನು ಬಿತ್ತಲು ಯೋಗ್ಯವಾದ ಮೋಡವಾದರೋ, ಬಹಳಷ್ಟು ಸಲ ತಾನಾಗಿಯೇ ಮಳೆ ಸುರಿಸುವ ಮೋಡ. ತೊಡಕಿರುವುದು ಇಲ್ಲಿಯೇ.

ಹೊಸ ಗೊಬ್ಬರವೊಂದರ ಗುಣ ತಿಳಿಯಬೇಕಾದಾಗ ಬಲ್ಲ ರೈತ ಹೊಲಕ್ಕೆಲ್ಲ ಅದನ್ನು ಎರಚುವುದಿಲ್ಲ. ಕೆಲವು ಪಟ್ಟಿಗಳಿಗೆ ಹಾಕಿ, ಪಕ್ಕದ ಪಟ್ಟಿಗಳನ್ನು ಹಾಗೆಯೇ ಬಿಡುತ್ತಾನೆ. ಯಾವ ಪಟ್ಟಿಗೆ ಹಾಕಬೇಕೆಂಬುದನ್ನೂ ಚೀಟಿ ಎತ್ತಿ ನಿರ್ಧರಿಸಿದರೆ ಇನ್ನೂ ಒಳ್ಳೆಯದು. ಇಲ್ಲವಾದರೆ ಮನಸ್ಸು ತಿಳಿಯದಂತೆಯೇ ಒಳ್ಳೆಯ ನೆಲವನ್ನು ಆರಿಸಿಬಿಡುತ್ತದೆ. ಮೋಡಗಳ ವಿಷಯದಲ್ಲೂ ಇದೇ ಶಿಸ್ತು ಬೇಕು. ಬಿತ್ತಲು ತಕ್ಕ ಮೋಡಗಳನ್ನು ಮೊದಲು ಗುರುತಿಸಿ, ಅವುಗಳಲ್ಲಿ ಕೆಲವನ್ನು ಬಿತ್ತಿ, ಕೆಲವನ್ನು ಮುಟ್ಟದೆ ಬಿಟ್ಟು, ಎರಡೂ ಗುಂಪುಗಳ ಮಳೆಯನ್ನು ಅಳೆದು ನೋಡಬೇಕು. ಹಾಗೆ ಮುಟ್ಟದೆ ಬಿಟ್ಟ ಮೋಡಗಳ ಲೆಕ್ಕವಿಲ್ಲದ ಶೇಕಡಾವಾರು, ಬಾಯಿಮಾತಿಗೆ ಅಂಕಿಯ ಅಂಗಿ ತೊಡಿಸಿದಂತೆ.

ಈ ಶಿಸ್ತಿನ ಬೆಲೆ ಏನೆಂಬುದನ್ನು ಇಸ್ರೇಲಿನ ಕಥೆ ಹೇಳುತ್ತದೆ. 1960ರ ದಶಕದ ಅಲ್ಲಿನ ಮೊದಲ ಪ್ರಯೋಗದಲ್ಲಿ ಮಳೆ ಶೇ 15ರಷ್ಟು ಹೆಚ್ಚಿತೆಂದು ವರದಿಯಾಗಿತ್ತು. ಜಗತ್ತಿನ ಎಷ್ಟೋ ಸರ್ಕಾರಗಳು ಅದನ್ನೇ ಆಧಾರವಾಗಿ ಹಿಡಿದವು. ದಶಕಗಳ ಬಳಿಕ, 2013ರಿಂದ 2020ರವರೆಗೆ, ಉತ್ತರ ಇಸ್ರೇಲಿನಲ್ಲಿ ಮತ್ತೆ ಕಟ್ಟುನಿಟ್ಟಿನ ಪ್ರಯೋಗ ನಡೆಸಿದಾಗ ಸಿಕ್ಕ ಹೆಚ್ಚಳ ಶೇ 1.8 ಮಾತ್ರ. ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಅಲ್ಲಿಗೆ ಆ ದೇಶ ಬಿತ್ತನೆಯನ್ನು ಕೈಬಿಟ್ಟಿತು.

ಭಾರತದ ಪ್ರಯೋಗವನ್ನೂ ಹೇಳಬೇಕು. ಅದನ್ನು ಮುಚ್ಚಿಟ್ಟರೆ ಈ ಬರಹವೂ ತಾನು ದೂರುವ ಸುದ್ದಿಗಳ ಸಾಲಿಗೇ ಸೇರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಸೊಲ್ಲಾಪುರದ ಮಳೆನೆರಳಿನ ಪ್ರದೇಶದಲ್ಲಿ 276 ಮೋಡಗಳನ್ನು ಆರಿಸಿಕೊಂಡು, ಬಿತ್ತಿದವನ್ನೂ ಬಿತ್ತದವನ್ನೂ ಹೋಲಿಸಿ ನೋಡಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೆಲವು ಸ್ಥಳಗಳಲ್ಲಿ ಮಳೆ ಶೇ 46ರವರೆಗೆ ಹೆಚ್ಚಿತ್ತು. ಗಾಳಿ ಬೀಸುವ ದಿಕ್ಕಿನ 100 ಚದರ ಕಿ.ಮೀ. ಪ್ರದೇಶದ ಸರಾಸರಿ ಹೆಚ್ಚಳ ಶೇ 18. ಇದು ಗೌರವಿಸಬೇಕಾದ ಕೆಲಸ. ಆದರೆ ಈ ಹೆಚ್ಚಳ ಆಯ್ದ ಮೋಡಗಳದ್ದು. ಒಂದು ಜಿಲ್ಲೆಯ ಇಡೀ ವರ್ಷದ ಮಳೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ತಲೆಬರಹಕ್ಕೆ ಮಾತ್ರ 46 ಎಂಬ ಅಂಕಿ 18ಕ್ಕಿಂತ ಯಾವಾಗಲೂ ಹೆಚ್ಚು ಪ್ರಿಯ. ವರ್ಷಧಾರಿಯಾದರೋ ಬರ ಪರಿಹಾರಕ್ಕೆಂದು ಹೊರಟ ಕಾರ್ಯಾಚರಣೆ. ಒಳ್ಳೆಯ ಮೋಡ ಕಂಡಾಗ ಪ್ರಯೋಗದ ಶಿಸ್ತಿಗಾಗಿ ಅದನ್ನು ಬಿಟ್ಟುಬಿಡುವುದು ಅಂಥ ಕಾರ್ಯಾಚರಣೆಯ ಸ್ವಭಾವದಲ್ಲೇ ಇರುವುದಿಲ್ಲ.

ಸಂದೇಹ ಎರಡೂ ಬದಿಗೆ ಸಮನಾಗಿರಬೇಕು. 2024ರ ಏಪ್ರಿಲ್‌ನಲ್ಲಿ ದುಬೈ ಒಂದೇ ದಿನದ ಮಳೆಗೆ ಮುಳುಗಿದಾಗ, ಮೋಡ ಬಿತ್ತನೆಯೇ ಪ್ರಳಯ ತಂದಿತೆಂಬ ಸುದ್ದಿ ಲೋಕವೆಲ್ಲ ಹರಡಿತು. ನೂರಾರು ಮೈಲಿ ಹರಡಿಕೊಂಡು ಒಮಾನನ್ನೂ ಮುಳುಗಿಸಿದ ಆ ಚಂಡಮಾರುತ ದಿನಗಳ ಮೊದಲೇ ಮುನ್ಸೂಚನೆಯಲ್ಲಿ ಕಂಡಿತ್ತು. ಅಷ್ಟು ನೀರನ್ನು ಸೃಷ್ಟಿಸುವ ಶಕ್ತಿ ನಾಲ್ಕಾರು ವಿಮಾನಗಳಿಗಿಲ್ಲ. ಗಾಳಿಯಂತ್ರಗಳು ಮೋಡಗಳನ್ನು ಓಡಿಸುತ್ತವೆಂದು ಚಿತ್ರದುರ್ಗ, ಗದಗದ ಕಡೆ ಕೇಳಿಬರುವ ಮಾತೂ ಇದೇ ಜಾತಿಯದು. ಪರಿಸರದ ಪರವಾಗಿ ನಿಂತವರು ಇಂಥ ಮಾತುಗಳನ್ನು ತಮಗೆ ಅನುಕೂಲವೆಂಬ ಕಾರಣಕ್ಕೆ ಸುಮ್ಮನೆ ಒಪ್ಪಿಕೊಳ್ಳಬಾರದು.

ಜಕ್ಕೂರಿನಿಂದ ಮೇಲೆದ್ದ ವಿಮಾನದ ಕಿಟಕಿಯಿಂದ ಉತ್ತರಕ್ಕೆ ನೋಡಿದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಪೂರ್ವಕ್ಕೆ ಹೊಸಕೋಟೆ, ಪಶ್ಚಿಮಕ್ಕೆ ನೆಲಮಂಗಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂದರೆ ಈ ನಾಲ್ಕು ತಾಲ್ಲೂಕುಗಳು. (2025ರ ಜುಲೈನಲ್ಲಿ ಸಚಿವ ಸಂಪುಟ ಇದಕ್ಕೆ ‘ಬೆಂಗಳೂರು ಉತ್ತರ’ ಎಂಬ ಹೆಸರನ್ನು ಒಪ್ಪಿತು, ಗ್ರಾಮಗಳು ಹೋಗುವ ಮೊದಲೇ ‘ಗ್ರಾಮಾಂತರ’ ಹೋಯಿತೆನ್ನಬೇಕು.) ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಹೆಸರಘಟ್ಟಕ್ಕೆ ಬರುತ್ತದೆ. ನೆಲಮಂಗಲದ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಕೂಡುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ನಗರ ನೀರು ಕುಡಿಯತೊಡಗಿತು. 1970ರ ದಶಕದವರೆಗೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುತ್ತಿದ್ದ ಒಳಹರಿವಿನ ಐದನೇ ಒಂದು ಪಾಲೂ 2000ದ ನಂತರದ ವರ್ಷಗಳಲ್ಲಿ ಬರಲಿಲ್ಲ.

ನದಿ ಬತ್ತಿದ್ದು ಏಕೆ? ಮಳೆ ಕಡಿಮೆಯಾಯಿತು ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೆಲೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉತ್ತರವನ್ನೇ ಮೊದಲು ಪರೀಕ್ಷೆಗೆ ಒಡ್ಡಿತು. ಮಳೆಯ ಪ್ರಮಾಣ, ಅದು ಬೀಳುವ ಕಾಲ, ಅದರ ರಭಸ ಇವುಗಳಲ್ಲಿನ ಬದಲಾವಣೆ ನದಿ ಬತ್ತಲು ಕಾರಣವಾಗಿರುವ ಸಂಭವವಿಲ್ಲ ಎಂದು ಅವರು ಕಂಡುಕೊಂಡರು. ಕಾಲುವೆಗಳಿಗೆ ಬಿದ್ದ ಅಡ್ಡಕಟ್ಟುಗಳ ಪಾಲು ಸ್ವಲ್ಪ. ಮುಖ್ಯವಾದವು ಎರಡು: ಕೊಳವೆಬಾವಿಗಳು ಎತ್ತಿದ ಅಂತರ್ಜಲ, ಮತ್ತು ಹೊಲಗಳನ್ನು ಆವರಿಸಿದ ನೀಲಗಿರಿ ತೋಪುಗಳು. ಹಿಂದೆ ನೆಲದೊಳಗಿನ ನೀರು ಮೇಲ್ಮಟ್ಟದಲ್ಲಿದ್ದಾಗ ಮಳೆ ನಿಂತ ಮೇಲೂ ಹಳ್ಳಗಳಲ್ಲಿ ಒರತೆ ಹರಿಯುತ್ತಿತ್ತು. ಈಗ ಕೊಳವೆಬಾವಿ 1,000 ಅಡಿ ದಾಟಿದ ನೆಲದಲ್ಲಿ ಬಿದ್ದ ಮಳೆ ಮೊದಲು ಒಣಗಿದ ಮಣ್ಣಿನ ದಾಹ ತೀರಿಸಬೇಕು; ಹಳ್ಳಕ್ಕೆ ಉಳಿಯುವುದು ಅತ್ಯಲ್ಪ. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ಪಟ್ಟಿಗಳಲ್ಲಿ ಈ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ವರ್ಗದಲ್ಲಿವೆ.

ನೀಲಗಿರಿಯ ವಿಷಯದಲ್ಲಿ ಹೊಸಕೋಟೆಯೇ ಸಾಕ್ಷಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಈ ಮರವೂ ಒಂದು ಪವಾಡದಂತೆ ಸುದ್ದಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ನಾಲ್ಕು ಕಡೆ ಈ ಮರಗಳ ನೀರಿನ ಬಳಕೆಯನ್ನು ಅಳೆದರು. ಮಣ್ಣಿನ ಆಳ ಕಡಿಮೆಯಿದ್ದಲ್ಲಿ ನೀಲಗಿರಿ ಸ್ಥಳೀಯ ಕಾಡಿಗಿಂತ ಹೆಚ್ಚು ನೀರು ಕುಡಿಯಲಿಲ್ಲ, ಇದನ್ನೂ ಮರೆಯಬಾರದು. ಆಳವಾದ ಮಣ್ಣಿನ ಹೊಸಕೋಟೆಯಲ್ಲಿ ಮಾತ್ರ ಫಲಿತಾಂಶ ಬೇರೆಯಾಗಿತ್ತು. 1997ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ, ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆ 2,100 ಮಿ.ಮೀ., ಆ ತೋಪುಗಳು ಬಳಸಿದ ನೀರು 3,400 ಮಿ.ಮೀ. ಹೆಚ್ಚುವರಿ 1,300 ಮಿ.ಮೀ. ನೀರನ್ನು ಬೇರುಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದು ಹಳೆಯ ಸಂಗ್ರಹದಿಂದ ಎತ್ತಿದ್ದವು.

ಈಗ ಆಕಾಶದ ಲೆಕ್ಕವನ್ನೂ ನೆಲದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಹೊಸಕೋಟೆಯ ಆ ತೋಪುಗಳಲ್ಲಿ ಬಿದ್ದ ಮಳೆ ವರ್ಷಕ್ಕೆ 700 ಮಿ.ಮೀ. ಸೊಲ್ಲಾಪುರದ ಸರಾಸರಿಯನ್ನು ಅತ್ಯಂತ ಉದಾರವಾಗಿ ಬಳಸಿ, ಪ್ರತಿ ಮೋಡವನ್ನೂ ಬಿತ್ತಲಾಯಿತು, ಪ್ರತಿ ಬಿತ್ತನೆಯೂ ಫಲಿಸಿತು ಎಂದುಕೊಂಡರೂ ಶೇ 18ರ ಹೆಚ್ಚಳವೆಂದರೆ 126 ಮಿ.ಮೀ. ತೋಪು ಮಳೆಯನ್ನು ಮೀರಿ ಕುಡಿದದ್ದು ವರ್ಷಕ್ಕೆ ಸುಮಾರು 433 ಮಿ.ಮೀ. ಎಂದೂ ಸಿಗದ ಆ ಪೂರ್ಣ ಯಶಸ್ಸು ಸಿಕ್ಕಿದ್ದರೂ ಅದು ಈ ಸಾಲದ ಮೂರನೇ ಒಂದು ಪಾಲನ್ನೂ ತೀರಿಸುತ್ತಿರಲಿಲ್ಲ.

ಬಯಲುಸೀಮೆಯ ಕೆರೆಗಳ ಈ ಲೆಕ್ಕ ಮಲೆನಾಡಿನ ಓದುಗರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಮೋಡದಿಂದ ಸಿಗದ ನೀರನ್ನು ಬೆಟ್ಟದಿಂದ ತರುವ ಯೋಜನೆಯ ಪೈಪುಗಳು ಸಕಲೇಶಪುರದಿಂದಲೇ ಹೊರಡುತ್ತವೆ. ಎತ್ತಿನಹೊಳೆ ಯೋಜನೆಯ ಫಲಾನುಭವಿ ಜಿಲ್ಲೆಗಳಲ್ಲಿ ಬೆಂಗಳೂರು ಗ್ರಾಮಾಂತರವೂ ಒಂದು. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅದರ ಅಂದಾಜು 2023ರ ಹೊತ್ತಿಗೆ 23,251 ಕೋಟಿಗೆ ಏರಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಯೋಜನೆ ಹೇಳುವ ನೀರು 24 ಟಿ.ಎಂ.ಸಿ.; ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜಿನಲ್ಲಿ ಆ ಹಳ್ಳಗಳಲ್ಲಿ ಸಿಗುವುದು ಸುಮಾರು 9.5 ಟಿ.ಎಂ.ಸಿ. ಮಾತ್ರ. ದೊಡ್ಡಬಳ್ಳಾಪುರದ ಹಳ್ಳಿಯಲ್ಲಿ ಟ್ಯಾಂಕರಿಗೆ ಕಾದು ಕೊಡ ಹಿಡಿದು ನಿಂತ ಹೆಣ್ಣುಮಗಳು ಮಲೆನಾಡಿನ ಶತ್ರುವಲ್ಲ. ಅವಳಿಗೆ ನೀರು ಸಿಗಲೇಬೇಕು. ಆದರೆ ಅವಳ ಊರಿನ ಮೇಲೆ ಬಿದ್ದ ಮಳೆ ಎಲ್ಲಿ ಹೋಯಿತೆಂದು ಕೇಳದೆ ಮೋಡದ ಕಡೆಗೂ ಬೆಟ್ಟದ ಕಡೆಗೂ ಕೈಚಾಚುವವರು ಅವಳ ಹಿತೈಷಿಗಳೆಂದು ನಂಬುವುದು ಕಷ್ಟ.

ವಿಮಾನ ಹಾರಿದ 2017ರಲ್ಲೇ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಆದೇಶವನ್ನೂ ಹೊರಡಿಸಿತ್ತು. ಅದಕ್ಕೆ ವಿಮಾನದ ಶೋಭೆ ಇರಲಿಲ್ಲ. ಮೋಡ ಬಿತ್ತನೆಯಂತೆ ಅದು ಊರೂರಿನ ಮಾತಾಗಲಿಲ್ಲ. ನಿಷೇಧ ಹೊಸ ಸಸಿಗಳಿಗೆ; ನಿಂತ ತೋಪುಗಳು ನಿಂತೇ ಇವೆ. ನೀಲಗಿರಿಯನ್ನು ಕಡಿದರೂ ಬುಡ ಮತ್ತೆ ಚಿಗುರುತ್ತದೆ, ಬೇರು ಆಳದಲ್ಲೇ ಇರುತ್ತದೆ. ಬುಡ ಕಿತ್ತು, ನೆಲ ಹಸನು ಮಾಡಿ, ರಾಗಿಗೆ ಹಿಂದಿರುಗಲು ಎಕರೆಗೆ ದೊಡ್ಡ ಮೊತ್ತವೇ ಬೇಕು. ಕೂಲಿಯಾಳು ಸಿಗದೆ, ಬೆಳೆಗೆ ಬೆಲೆ ಸಿಗದೆ ಮರ ನೆಟ್ಟ ಸಣ್ಣ ರೈತನ ಬಳಿ ಆ ಹಣವಿಲ್ಲ. 2019ರಲ್ಲಿ ಎರಡು ವರ್ಷಗಳ ಮೋಡ ಬಿತ್ತನೆಗೆಂದು ಸರ್ಕಾರ ತೆಗೆದಿರಿಸಿದ ಮೊತ್ತ 91 ಕೋಟಿ ರೂಪಾಯಿ. ಅಷ್ಟು ಹಣದಲ್ಲಿ ಅರ್ಕಾವತಿಯ ಜಲಾನಯನದ ಎಷ್ಟು ಎಕರೆ ನೀಲಗಿರಿ ಬುಡಗಳನ್ನು ಕೀಳಿಸಬಹುದಿತ್ತು ಎಂಬ ಲೆಕ್ಕವನ್ನು ದೊಡ್ಡಬಳ್ಳಾಪುರದ, ಹೊಸಕೋಟೆಯ ಗ್ರಾಮಸಭೆಗಳು ಕೇಳಿ ಪಡೆಯಬಹುದು.