ಬಿಟ್ಟಿ ಕೇಳಿದ್ದು ತಪ್ಪಾ ಸ್ವಾಮಿ?

"ಬಿಟ್ಟಿ ಸಿಗತ್ತೆ ಅಂತ ಬಾಯಿ ಬಿಟ್ರೆ ಹೀಗೇ ಆಗೋದು!"

ಚಿಕ್ಕಪ್ಪನ ಕಾರ್ಡಿನಿಂದ 4,999 ರೂಪಾಯಿ ಹೋಗಿದೆ ಅಂತ ಗೊತ್ತಾದಾಗ ಮನೆಯವರೆಲ್ಲ ಹೇಳಿದ್ದು ಇದನ್ನೇ. ಈ ಮಾತು ಕೇಳಿದ್ರೆ ನಂಗೆ ಮೈಯೆಲ್ಲ ಉರಿಯತ್ತೆ.

ಅವರು ಹುಡುಕಿದ್ದು ಕಾಲೇಜಿನ ದಿನಗಳಲ್ಲಿ ಓದಿದ್ದ, ಈಗ ಯಾವ ಅಂಗಡಿಯಲ್ಲೂ ಸಿಗದ ಒಂದು ಕಾದಂಬರಿ. ಪುಟ ತೆರೆದರೆ ದೊಡ್ಡ ಹಸಿರು ಡೌನ್‌ಲೋಡ್ ಬಟನ್. ಒತ್ತಿದರೆ, 'ನೀವು ಮನುಷ್ಯರೇ ಎಂದು ಖಚಿತಪಡಿಸಲು ಕಾರ್ಡಿನಿಂದ ಕೇವಲ 1 ರೂಪಾಯಿ'. ಪಕ್ಕದಲ್ಲೇ ಐದು ನಿಮಿಷದಿಂದ ಹಿಂದಕ್ಕೆ ಓಡುವ ಗಡಿಯಾರ! ಒಟಿಪಿ ಬಂದ ಮೆಸೇಜಿನಲ್ಲಿ 4,999 ಅಂತಲೇ ಇತ್ತು. ಗಡಿಯಾರ ಓಡ್ತಾ ಇರುವಾಗ ಅದನ್ನ ಯಾರ್ರೀ ಓದ್ತಾರೆ? ಕೊನೆಗೆ ಬಂದ ಫೈಲಿನ ಹೆಸರು ಪಿಡಿಎಫ್ ಅಂತ ಮುಗಿದ ಹಾಗೆ ಕಾಣ್ತಿತ್ತು. ವಿಂಡೋಸ್ ಬಾಲವನ್ನ ಬಚ್ಚಿಡತ್ತಲ್ಲ, ಬಿಡಿಸಿ ನೋಡಿದರೆ ಅದರ ಹಿಂದೆ ಇನ್ನೊಂದು ಚುಕ್ಕಿ, ಇಎಕ್ಸ್‌ಇ. ಪುಸ್ತಕವನ್ನ ಯಾರಾದ್ರೂ ಇನ್‌ಸ್ಟಾಲ್ ಮಾಡ್ತಾರಾ? ಪುಣ್ಯಕ್ಕೆ ಅದನ್ನ ಅವರು ತೆರೆದಿರಲಿಲ್ಲ.

ಇದರಲ್ಲಿ ಅನುಮಾನ ಪಡಬೇಕಾದ್ದು ಎಷ್ಟೊಂದಿದೆ ನೋಡಿ. ಉಚಿತಕ್ಕೆ ಕಾರ್ಡು, ಅವಸರ, ಎರಡು ಬಾಲದ ಫೈಲು. 'ಉಚಿತ' ಅನ್ನೋದು ಮಾತ್ರ ಆ ಪಟ್ಟಿಯಲ್ಲಿಲ್ಲ. ನುಡಿ ಉಚಿತ, ವಿಎಲ್‌ಸಿ ಉಚಿತ, ಲಿಬ್ರೆಆಫೀಸ್ ಉಚಿತ. ನಾನು ಇದನ್ನ ಬರೀತಿರೋ ಜಾಗಕ್ಕೂ ಒಂದು ಪೈಸೆ ಕೊಟ್ಟಿಲ್ಲ :)

ಇನ್ನು 'ಕಂಪ್ಯೂಟರ್ ಗೊತ್ತಿದ್ದೋರು ಮೋಸ ಹೋಗಲ್ಲ' ಅನ್ನೋ ಮಹಾಶಯರಿಗೆ: ಬಲ್ಲವರೇ ನಂಬಿದ್ದ ಸೋರ್ಸ್‌ಫೋರ್ಜ್ 2015ರಲ್ಲಿ ಗಿಂಪ್‌ನ ವಿಂಡೋಸ್ ಪ್ರತಿಗೆ ಬೇಡದ ಜಾಹೀರಾತು ತಂತ್ರಾಂಶ ಅಂಟಿಸಿ ಹಂಚಿತ್ತು. ಮರುವರ್ಷ ಮಾಲೀಕರು ಬದಲಾದ ಮೇಲೇ ಆ ಪದ್ಧತಿ ನಿಂತಿದ್ದು. ಅಲ್ಲಿ ಇಳಿಸಿಕೊಂಡವರನ್ನೂ ಆಸೆಬುರುಕರು ಅಂತೀರಾ?

ನನ್ನ ಸಿಟ್ಟಿಗೆ ಅಸಲಿ ಕಾರಣ ಬೇರೆ ಇದೆ. ಚಿಕ್ಕಪ್ಪ ಮೂರು ದಿನ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನಗ್ತಾರೆ ಅಂತ. 1930ಕ್ಕೆ ತಕ್ಷಣ ಫೋನ್ ಮಾಡಿದ್ದರೆ ಹಣ ಕೈ ಬದಲಾಗೋ ಮೊದಲೇ ತಡೆಹಿಡಿಯೋ ಸಾಧ್ಯತೆ ಇರತ್ತೆ. ನಾವು ಮಾಡಿಸಿದ್ದು ನಾಲ್ಕನೇ ದಿನ. ಆ ಮೂರು ದಿನವನ್ನ ಕಳ್ಳನಿಗೆ ಕೊಡಿಸಿದ್ದು ನಮ್ಮನೆಯವರ ನಗೆನೇ ಅಲ್ವಾ?

ಲ್ಯಾಪ್‌ಟಾಪ್ ಈಗ ಬೀರುವಿನಲ್ಲಿದೆ, ಸೀರೆಗಳ ಕೆಳಗೆ. ಭಾನುವಾರ ಹೋಗಿ ಈಚೆ ತೆಗೆಸಬೇಕು.